ಏಕಾದಶಿಯ ತೂಕ, ದ್ವಾದಶಿಯ ತೂಕ

ದೇವರ ಹಿಪ್ಪರಗಿಯ ನಲಿನಿಬಾಯಿಗೆ ಯಾವುದನ್ನೂ ಸುಮ್ಮನೆ ನಂಬುವ ರೂಢಿ ಇಲ್ಲ. ಹಾಲಿಗೆ ಬೆರಳದ್ದಿ ನೋಡುತ್ತಾರೆ. ಸಂತೆಯ ಬದನೆಕಾಯಿಯನ್ನು ತಿರುಗಿಸಿ ತಿರುಗಿಸಿ ತೂತು ಹುಡುಕುತ್ತಾರೆ. ಪುರಾಣ ಕೇಳುವಾಗ ಮಾತ್ರ ಕಣ್ಣು ಮುಚ್ಚಿ ಕೂಡುತ್ತಾರೆ.

ಇಂಥವರ ಕಣ್ಣಿಗೆ ಒಂದು ದಿನ, ದೇವರ ಮನೆಯ ಗೂಡಿನಲ್ಲಿ ಪಂಚಾಂಗದ ಹಿಂದೆ ಇಟ್ಟಿದ್ದ ಸಕ್ಕರೆ ಕಾಯಿಲೆಯ ಗುಳಿಗೆಗಳು ಬಿದ್ದವು. ಗುಳಿಗೆ ಮಂಜರಿಯವು. ಮಂಜರಿ ಮೈದುನನ ಹೆಂಡತಿ. ಇಬ್ಬರದೂ ಒಂದೇ ಮನೆ, ಒಂದೇ ಒಲೆ. ಹದಿನೈದು ದಿನದ ಹಿಂದೆ ಗೂಡು ಒರೆಸುವಾಗ ಎಷ್ಟು ಗುಳಿಗೆ ಕಂಡಿದ್ದವೋ ಇವತ್ತೂ ಅಷ್ಟೇ ಇದ್ದವು.

"ಏ ಮಂಜರಿ, ಗುಳಿಗಿ ತೊಗೊಳ್ಳಿಕ್ಕತ್ತಿಯೋ ಇಲ್ಲೋ?"

"ತೊಗೊಂಡೆ ವೈನಿ," ಅಂದಳು ಮಂಜರಿ, ಮುಖ ಆ ಕಡೆ ಮಾಡಿ.

ನಲಿನಿಬಾಯಿ ಗುಳಿಗೆಗಳನ್ನು ಇದ್ದಲ್ಲೇ ಇಟ್ಟರು. ಊರಿಗೆ ಬಂದಾಕಿ ನೀರಿಗೆ ಬರದೆ ಎಲ್ಲಿ ಹೋಗುತ್ತಾಳೆ?

ಎರಡು ತಿಂಗಳಿಂದ ಮಂಜರಿ ಬಸ್ ಸ್ಟ್ಯಾಂಡಿನ ಹಿಂದಿನ ತೂಕ ಇಳಿಸುವ ಕ್ಲಬ್ಬಿಗೆ ಹೋಗುತ್ತಿದ್ದಳು. ಅದಕ್ಕೆ ಕಾರಣ ಇಂಡಿ ಊರಿನಲ್ಲಿ ನಡೆದ ಒಂದು ಮುಂಜಿವೆಯ, ಅಂದರೆ ಉಪನಯನದ, ಊಟ. ಪಂಕ್ತಿಯಲ್ಲಿ ನೆಲದ ಮೇಲೆ ಕೂತು ಉಂಡವಳಿಗೆ ಏಳಲು ಆಗಲಿಲ್ಲ, ಮೊಣಕಾಲು ಹಿಡಿದುಕೊಂಡವು. ಇಬ್ಬರು ರಟ್ಟೆ ಹಿಡಿದು ಎಬ್ಬಿಸಿದರು. "ಎರಡ ಕೈಲೆ ಆಗೂದಿಲ್ಲ, ಜೆಸಿಬಿ ಕರೀರಿ," ಅಂದರು ಯಾರೋ. ಎಲ್ಲರೂ ನಕ್ಕರು. ಮಂಜರಿಯೂ ನಕ್ಕಳು, ಮನೆಗೆ ಬಂದು ಅತ್ತಳು.

ಕ್ಲಬ್ಬಿನಲ್ಲಿ ಮೊದಲ ದಿನ ಎಲ್ಲ ಪುಕ್ಕಟೆ. ಒಂದು ಯಂತ್ರ ಕೈಗೆ ಕೊಟ್ಟು, "ನಿಮ್ಮ ವಯಸ್ಸು ನಲವತ್ತೊಂದು, ದೇಹದ ವಯಸ್ಸು ಅರವತ್ತು," ಎಂದು ಹೇಳಿದರು. ಹೆದರಿಕೆಗೆ ದುಡ್ಡಿಲ್ಲ, ಹೆದರಿದ ಮೇಲೆ ದುಡ್ಡು. ಬೆಳಗ್ಗೆ ಪುಡಿ ಕಲಸಿದ ಒಂದು ಲೋಟ, ಸಂಜೆಗೆ ಒಂದು ಲೋಟ, ನಡುವೆ ಒಂದೇ ಊಟ. ತಿಂಗಳಿಗೆ ಏಳು ಸಾವಿರ ರೂಪಾಯಿ. ಮೂವರನ್ನು ಕರೆತಂದರೆ ರಿಯಾಯಿತಿ.

"ವೈನಿ, ನೀವೂ ಬರ್ರಿ. ಮೊದಲ ಹದಿನೈದು ದಿನದಾಗ ಎರಡು ಕಿಲೋ ಇಳದೆ! ಕೋಚ್ ಮೇಡಮ್ಮರು ಎಲ್ಲಾರ ಕಡೆ ಚಪ್ಪಾಳಿ ಹೊಡಸಿದ್ರು. ಅವತ್ತ ಮೂರು ತಿಂಗಳದ ರೊಕ್ಕಾ ಕೂಡೇ ಕಟ್ಟಿಬಿಟ್ಟೆ."

"ನಾ ಯಾಕ ಬರಬೇಕು? ಜೋರ ಗಾಳಿ ಬಿಟ್ಟರ ನಾ ಹಾರಿ ಹೋಗಾಕಿ."

"ದಪ್ಪ ಇದ್ದವರನ್ನ ಇಳಸ್ತಾರ, ಬಡಕ ಇದ್ದವರನ್ನ ಏರಸ್ತಾರ. ಒಂದ ಪುಡಿ."

"ಒಂದ ಪುಡಿ ಏರಸ್ತದ, ಅದ ಇಳಸ್ತದ! ಪುಡಿನೋ ಲಿಫ್ಟೋ?" ನಲಿನಿಬಾಯಿ ಕಣ್ಣು ಸಣ್ಣ ಮಾಡಿದರು. "ಇರಲಿ. ನಿನ್ನ ತೂಗೂದು ಯಾವಾಗ?"

"ಮೊದಲ ಸಲ ದ್ವಾದಶಿ ದಿನ, ಊಟಾ ಮಾಡಿ ಹೋಗಿದ್ದೆ. ಆಮ್ಯಾಲ ಮೇಡಮ್ಮರು, 'ಏಕಾದಶಿ ದಿನ ನಿಮಗ ಅಡಿಗಿ ಕೆಲಸ ಇರೂದಿಲ್ಲ, ಸಂಜೀಕ ಬರ್ರಿ' ಅಂದ್ರು. ಪ್ರತಿ ಏಕಾದಶಿಗೆ ತೂಕ."

ನಲಿನಿಬಾಯಿಯ ಹುಬ್ಬು ಮೇಲೇರಿತು. ಅವರ ಮನೆಯಲ್ಲಿ ಏಕಾದಶಿ ಎಂದರೆ ಹನಿ ನೀರೂ ಇಲ್ಲ. ದ್ವಾದಶಿಯ ಪಾರಣೆ ಎಂದರೆ ಹೊಟ್ಟೆ ಬಿರಿಯುವ ಊಟ.

ಆ ವಾರವೇ ಏಕಾದಶಿ ಬಂತು. ಸಂಜೆ ನಲಿನಿಬಾಯಿ ಬಸಂತರಾಯನ ಅಡತಿ ಅಂಗಡಿಗೆ ನಡೆದರು. ರೈತರ ಕಾಳು ಮಾರಿಕೊಡುವ ಆ ಅಂಗಡಿಯಲ್ಲಿ ತೊಗರಿ ಚೀಲ ತೂಗುವ ದೊಡ್ಡ ಕಾಟಾ ಇತ್ತು.

"ರಾಯರ, ನನ್ನ ಒಂಚೂರು ತೂಗ್ರಿ."

"ಯಾವ ರೇಟಿಗೆ ಹಚ್ಚಲ್ರಿ ಅವ್ವಾರ?" ಅಂದ ಬಸಂತರಾಯ.

ನಲವತ್ತೊಂಬತ್ತು ಕಿಲೋ ಇನ್ನೂರು ಗ್ರಾಂ. ಮರುದಿನ ಪಾರಣೆ ಮುಗಿಸಿ, ಅದೇ ಸೀರೆ ಉಟ್ಟು, ಮಂಜರಿಯನ್ನೂ ಜೊತೆಗೆ ಕರೆದುಕೊಂಡು ಮತ್ತೆ ಕಾಟಾ ಹತ್ತಿದರು. ಐವತ್ತು ಕಿಲೋ ಎಂಟುನೂರು!

"ನೋಡು. ಒಂದು ದಿನದಾಗ ಒಂದೂವರಿ ಕಿಲೋ ಮ್ಯಾಲ ಏರೇನಿ. ಮೊದಲ ದ್ವಾದಶಿಗೆ ಉಂಡು, ಆಮ್ಯಾಲ ನಿನ್ನಿ ಉಪಾಸ ಇದ್ದು ಕ್ಲಬ್ಬಿನ್ಯಾಗ ತೂಗಿಸಿದ್ರ ನನಗೂ ಚಪ್ಪಾಳಿ ಹೊಡೀತಿದ್ರಲ್ಲ? ನಾ ಯಾವ ಪುಡಿ ಕುಡದೆ?"

ಬಸಂತರಾಯ ನಕ್ಕ. "ತಂಗೆವ್ವಾ, ಹಸಿ ತೊಗರಿ ಬಿಸಿಲಿಗೆ ಹಾಕಿದ್ರ ಕ್ವಿಂಟಲಿಗೆ ಎರಡು ಕಿಲೋ ಕಡಿಮಿ ಬರ್ತೈತಿ. ಕಾಳು ಕರಗಿಲ್ಲ, ನೀರು ಹೋಗೇತಿ. ಇದನ್ನ ತಿಳೀದಾಂವ ಅಡತಿ ಅಂಗಡಿ ಇಡಬಾರದು."

ಮಂಜರಿಯೂ ಹತ್ತಿದಳು. ಕ್ಲಬ್ಬಿನ ಚೀಟಿಯಲ್ಲಿ ಮೊದಲ ದಿನ ಎಂಬತ್ತನಾಲ್ಕು, ನಿನ್ನೆ ಎಂಬತ್ತು. ಕಾಟಾದಲ್ಲಿ ಎಂಬತ್ತೆರಡು. ಆಕೆ ಇಳಿದು ತೊಗರಿ ಚೀಲದ ಮೇಲೆ ಕೂತಳು. ತಂಬಿಗೆ ನೀರು ಗಟಗಟ ಕುಡಿದು ಮತ್ತೊಂದು ತಂಬಿಗೆ ಕೇಳಿದಳು. ತುಟಿ ಇನ್ನೂ ಒಣಗಿಯೇ ಇತ್ತು.

ನಲಿನಿಬಾಯಿ ಆಕೆಯ ಮುಖವನ್ನು ತಮ್ಮ ಕಡೆ ತಿರುಗಿಸಿಕೊಂಡರು. "ಖರೇ ಹೇಳು ಮಂಜರಿ. ಗುಳಿಗಿ?"

"ಬಿಡಸ್ಯಾರ ವೈನಿ. ಪುಡಿ ಕುಡದ್ರ ಗುಳಿಗಿ ಬ್ಯಾಡ, ಗುಳಿಗೀನ ದಪ್ಪ ಮಾಡ್ತಾವ ಅಂದ್ರು."

ನಲಿನಿಬಾಯಿ ಬೈಯುತ್ತ ನಿಲ್ಲಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ಸರ್ಕಾರಿ ದವಾಖಾನೆಗೆ ಕರೆದೊಯ್ದರು.

ಗುಳಿಗೆ ಬಿಟ್ಟ ಸಂಗತಿ ಕೇಳಿ ನರ್ಸ್ ಶಬಾನಾ ಬೆರಳು ಚುಚ್ಚಿ ನೋಡಿದಳು. ಉಂಡ ಮೇಲೂ ನೂರ ಎಂಬತ್ತರೊಳಗೆ ಇರಬೇಕಾದ ಸಕ್ಕರೆ ಮುನ್ನೂರ ಹದಿನೆಂಟು.

"ಯಾರ್ರಿ ಅಕ್ಕಾರ ಗುಳಿಗಿ ಬಿಡಸಿದವ್ರು? ಡಾಕ್ಟ್ರೇನು?"

"ಕೋಚ್ ಮೇಡಮ್ಮರು."

"ಏನ ಕಲ್ತಾರ ಅವರು?"

"ಸೋಲಾಪುರದಾಗ ಮೂರು ದಿನ ಟ್ರೇನಿಂಗ್ ಆಗೇದಂತ."

"ಮೂರು ವರ್ಷ ನರ್ಸಿಂಗ್ ಕಲ್ತೇನಿ ನಾ. ನನಗ ಒಂದು ಗುಳಿಗಿ ಬಿಡಸಾಕ ಅಧಿಕಾರ ಇಲ್ರಿ." ಶಬಾನಾ ಮಂಜರಿಯ ಚೀಲದಲ್ಲಿದ್ದ ಪುಡಿಯ ಡಬ್ಬಿ ತಿರುಗಿಸಿ ಸಣ್ಣ ಅಕ್ಷರ ಓದಿದಳು. "ಸೋಯಾ, ಹಾಲಿನ ಪುಡಿ, ಸಿಹಿ, ವಾಸನಿ. ಒಂದಷ್ಟು ಇಳದಿದ್ದು ಊಟ ಬಿಟ್ಟಿದ್ದಕ್ಕ. ಊಟ ಹಿಡದ್ರ ಹೊಳ್ಳಿ ಬರ್ತೈತಿ. ಇನ್ನೊಂದು ಕೇಳ್ರಿ. ರಕ್ತದಾಗ ಸಕ್ಕರಿ ಏರಿದ್ರೂ ಮೈ ಇಳೀತೈತಿ. ಅದಕ್ಕ ಚಪ್ಪಾಳಿ ಹೊಡಿಯಾಕ ಬರಂಗಿಲ್ಲ. ಹಿಂಗ ಬಿಟ್ಟಿದ್ರ ಕಣ್ಣು, ಕಿಡ್ನಿ ಎಲ್ಲಾ ಹೋಗ್ತಿದ್ದವು."

ಮಂಜರಿ ಸೆರಗು ಬಾಯಿಗೆ ಒತ್ತಿಕೊಂಡಳು.

ಡಾಕ್ಟರು ಗುಳಿಗೆ ಮತ್ತೆ ಬರೆದರು. ಎರಡು ರೊಟ್ಟಿಯ ಜಾಗದಲ್ಲಿ ಒಂದು, ಪಲ್ಯ ಹೆಚ್ಚು, ದಿನಾ ಅರ್ಧ ತಾಸು ನಡಿಗೆ, ತಿಂಗಳಿಗೊಮ್ಮೆ ಇಲ್ಲೇ ಪುಕ್ಕಟೆ ಪರೀಕ್ಷೆ ಎಂದರು. ಸಕ್ಕರೆ ಹಿಡಿತಕ್ಕೆ ಬರುವ ತನಕ ನೀರು ಬಿಟ್ಟು ಉಪವಾಸ ಬೇಡವೇ ಬೇಡ ಎಂದರು. ಏಕಾದಶಿ ತಪ್ಪುತ್ತದಲ್ಲ ಎಂದು ಮಂಜರಿ ಅಂಜಿದಳು.

"ಹರಿಗೆ ನಿನ್ನ ಜಡ್ಡು ಗೊತ್ತಿಲ್ಲೇನು?" ಅಂದರು ನಲಿನಿಬಾಯಿ. "ನಿನ್ನ ಪಾಲಿಂದೂ ನಾ ಮಾಡ್ತೀನಿ ನಡಿ."

ಉಳಿದ ತಿಂಗಳ ಹಣ ಕೇಳಲು ಇಬ್ಬರೂ ಕ್ಲಬ್ಬಿಗೆ ಹೋದರು. ಕಟ್ಟಿದ್ದು ಹಿಂದಕ್ಕೆ ಬರುವುದಿಲ್ಲ ಎಂದು ರಸೀದಿಯ ಬೆನ್ನ ಮೇಲೆ ಬರೆದಿತ್ತು. ಒಳಗಿನ ಕೋಣೆಯಲ್ಲಿ ಮಾರಾಟವಾಗದ ಡಬ್ಬಿಗಳು ಜಂತಿಯ ತನಕ ಇದ್ದವು. "ನಾನೂ ಮೊದಲ ರೊಕ್ಕಾ ಕಟ್ಟೇ ಈ ಡಬ್ಬಿ ತಂದೇನ್ರಿ, ಮಾರದಿದ್ರ ನಂದೂ ಹೋತು," ಅಂದಳು ಮೇಡಮ್ಮ ಸಣ್ಣ ದನಿಯಲ್ಲಿ. ಯಾಕೆ ಎಲ್ಲರನ್ನೂ ಕರೆಯುತ್ತಾಳೆ ಎಂಬುದು ನಲಿನಿಬಾಯಿಗೆ ಆಗ ತಿಳಿಯಿತು.

ಮುಂದಿನ ಏಕಾದಶಿಗೆ ಮಂಜರಿಯ ಫೋನಿಗೆ ಸಂದೇಶ ಬಂತು: 'ಇವತ್ತು ತೂಕದ ದಿನ, ತಪ್ಪದೆ ಬನ್ನಿ.' ಗುಳಿಗೆ ನುಂಗಿ ನೀರು ಕುಡಿದು ಮಂಜರಿ ಉತ್ತರ ಒತ್ತಿದಳು: 'ನಾಳೆ ಊಟಾ ಮಾಡಿ ಬರ್ತೀನ್ರಿ. ಆವಾಗ ತೂಗ್ರಿ.'

ಫೋನನ್ನು ಪಂಚಾಂಗದ ಪಕ್ಕ ಇಟ್ಟು ಅರ್ಧ ತಾಸಿನ ನಡಿಗೆಗೆ ಹೊರಟಳು.

ಈಗ ಮೂರು ತಿಂಗಳಾಯಿತು. ಮಂಜರಿಯ ಸಕ್ಕರೆ ಇಳಿದಿದೆ. ನೆಲದಿಂದ ಏಳಲು ಇನ್ನೂ ಒಂದು ಕೈ ಬೇಕು. ಆ ಕೈಯನ್ನು ನಲಿನಿಬಾಯಿ ಕೊಡುತ್ತಾರೆ.

ಇದನ್ನು ಓದಿದ, ಕೇಳಿದ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮನ್ನೂ ಯಾರಾದರೂ ಪುಕ್ಕಟೆ ತೂಗಲು ಕರೆದರೆ ಕಾಟಾ ಹತ್ತುವ ಮೊದಲು ಕೇಳಿರಿ: ನೀವು ಏನು ಕಲಿತಿದ್ದೀರಿ? ಪುಡಿಯಲ್ಲಿ ಏನಿದೆ? ಪೂರ್ತಿ ಖರ್ಚು ಎಷ್ಟು, ಬಿಟ್ಟರೆ ಹಣ ಹಿಂದಕ್ಕೆ ಬರುತ್ತದೆಯೇ? ಕೇಳಿದ್ದಕ್ಕೆ ಸಿಟ್ಟಾದರೆ ಎದ್ದು ಬನ್ನಿರಿ. ಡಾಕ್ಟರು ಕೊಟ್ಟ ಗುಳಿಗೆಯನ್ನು ಡಾಕ್ಟರ ಮಾತಿಲ್ಲದೆ ಒಂದು ದಿನವೂ ಬಿಡಬೇಡಿರಿ. ಮತ್ತೆ, ಪಂಕ್ತಿಯಲ್ಲಿ ಏಳಲಾಗದವರನ್ನು ಕಂಡರೆ ನಗಬೇಡಿರಿ, ಕೈ ಕೊಡಿರಿ. ನಮ್ಮ ನಗೆಗೆ ಅಂಜಿಯೇ ಅವರು ಆ ಡಬ್ಬಿಯ ಕಡೆಗೆ ನಡೆಯುತ್ತಾರೆ.