ಹೊಸ್ತಿಲ ಹೊರಗೆ ಉಳಿದ ಷೆರೀಫನ ಬೂಟು

ನಾನು ಒಂದು ಬೂಟು. ಬಲಗಾಲಿನದು. ಎಡಗಾಲಿನವನೂ ಇದ್ದಾನೆ, ಆದರೆ ಅವನು ಹುಟ್ಟಿದಾಗಿನಿಂದ ಬಾಯಿ ಬಿಟ್ಟವನಲ್ಲ. ಹಾಗಾಗಿ ಇಬ್ಬರ ಕಥೆಯನ್ನೂ ನಾನೇ ಹೇಳಬೇಕು.

ನಾನು ಹುಟ್ಟಿದ್ದು ಗಾಂಧಿನಗರದ ಹಿಂದಿನ ಗಲ್ಲಿಯಲ್ಲಿ, ವಾಜಿದ್ ಸಾಬರ ಅಂಗಡಿಯಲ್ಲಿ. ನಾಟಕದ ರಾಜರಿಗೆ, ಸಿನಿಮಾದ ಪೊಲೀಸರಿಗೆ ಬೂಟು ಚಪ್ಪಲಿ ಮಾಡಿಕೊಡುವ ಅಂಗಡಿ ಅದು. ಟೀವಿ ಧಾರಾವಾಹಿಯವರು ಬಂದು, "ಅಮೆರಿಕದ ಕೌಬಾಯ್ ಬೂಟು ಬೇಕು, ನೂರಿಪ್ಪತ್ತು ವರ್ಷ ಹಿಂದಿನದು" ಎಂದು ಒಂದು ಚಿತ್ರ ಕೊಟ್ಟು ಹೋದರು. ಸಾಬರು ಒಳ್ಳೆಯ ಚರ್ಮ ಕತ್ತರಿಸಿ, ಎರಡು ಪದರದ ಅಟ್ಟೆ ಕೂರಿಸಿ, ಪಕ್ಕದಲ್ಲಿ ಬಳ್ಳಿಯ ಹೊಲಿಗೆ ಹಾಕಿದರು. ಎಲ್ಲಾ ಸರಿ. ಆದರೆ ಹಾಕಿಕೊಳ್ಳುವವರ ಮೀನಖಂಡದ ಗಾತ್ರ ನೋಡಿ ಗಾಬರಿಯಾಗಿ, ಒಳಬದಿಗೆ ಉದ್ದಕ್ಕೆ ಒಂದು ಜಿಪ್ ಇಟ್ಟುಬಿಟ್ಟರು. ಆ ಕಾಲದಲ್ಲಿ ಜಿಪ್ಪೇ ಇರಲಿಲ್ಲವಂತೆ. ನನಗೇನು ಗೊತ್ತು? ಚರಿತ್ರೆ ಓದಿಕೊಂಡು ಯಾರು ತಾನೇ ಹುಟ್ಟುತ್ತಾರೆ!

ಆ ಮೀನಖಂಡ ರುದ್ರಮುನಿಯವರದು. ಗದಗ ಕಡೆಯವರು, ಮೂವತ್ತು ವರ್ಷ ಕಂಪನಿ ನಾಟಕದಲ್ಲಿ ಭೀಮ, ಕಂಸ ಎಲ್ಲಾ ಆದವರು. ಈಗ ಷೆರೀಫ್, ಅಂದರೆ ಅಮೆರಿಕದ ಊರ ಪೊಲೀಸ್ ಅಧಿಕಾರಿ, ಆಗಿದ್ದರು. ಕಥೆ ಇಷ್ಟು: ಮುಂದಿನ ಯಾವುದೋ ಶತಮಾನದ ವಿಜ್ಞಾನಿಗಳು ಕಾಲಯಂತ್ರದಲ್ಲಿ ಕೂತು ಹಳೇ ಅಮೆರಿಕದ ಒಣ ಊರೊಂದಕ್ಕೆ ಬಂದು ಬೀಳುತ್ತಾರೆ, ಅಲ್ಲಿಯ ಷೆರೀಫ್ ಅವರನ್ನು ಹಿಡಿದು ಕೂಡಿಹಾಕುತ್ತಾನೆ. ಅಮೆರಿಕ ಅಂದರೆ ಚಳ್ಳಕೆರೆ ದಾಟಿದ ಮೇಲೆ ಸಿಗುವ ಒಂದು ಬಯಲು. ಎಲ್ಲರೂ ಕನ್ನಡದಲ್ಲೇ ಮಾತಾಡುತ್ತಿದ್ದರು, ಅದು ಬಿಡಿ.

ಮೊದಲ ಕಂತು ಟೀವಿಯಲ್ಲಿ ಬಂದದ್ದೇ ತಡ, ಅರಕಲಗೂಡಿನ ನಿವೃತ್ತ ಮೇಷ್ಟ್ರೊಬ್ಬರು ನಾಲ್ಕು ಹಾಳೆ ಪತ್ರ ಬರೆದರು. ಷೆರೀಫನ ಕೈಯಲ್ಲಿ ಬ್ಯಾಟರಿ ಗಡಿಯಾರ ಹೇಗೆ ಬಂತು? ಕಳ್ಳನ ಎಡಗೆನ್ನೆಯ ಗಾಯ ಬಾಗಿಲು ದಾಟುವಷ್ಟರಲ್ಲಿ ಬಲಗೆನ್ನೆಗೆ ಹೇಗೆ ಹೋಯಿತು? ಬೆಟ್ಟದ ಹಿಂದೆ ಕರೆಂಟ್ ಕಂಬ ಯಾರು ನೆಟ್ಟರು? ನಿರ್ದೇಶಕ ಶ್ರೀಕರ್‌ಗೆ ಮುಖಭಂಗವಾಯಿತು. ಇಂಥ ತಪ್ಪು ಹಿಡಿಯಲಿಕ್ಕೆಂದೇ ವಾರಿಜಾ ಅನ್ನುವ ಹುಡುಗಿಯನ್ನು ಕೆಲಸಕ್ಕೆ ತೆಗೆದುಕೊಂಡರು.

ವಾರಿಜಾ ತಿಪಟೂರಿನವಳು. ಟೈಪಿಸ್ಟ್ ಕೆಲಸ ಬಿಟ್ಟು, ಮನೆಯವರ ಜೊತೆ ಜಗಳ ಮಾಡಿಕೊಂಡು ಬಂದಿದ್ದಳು. ಕೈಯಲ್ಲಿ ಸದಾ ಒಂದು ನೋಟ್ ಪುಸ್ತಕ. ಯಾರ ಟೋಪಿ ಎಷ್ಟು ವಾಲಿತ್ತು, ಲೋಟದಲ್ಲಿ ಎಷ್ಟು ನೀರಿತ್ತು, ಎಲ್ಲಾ ಬರೆಯುವಳು. ನೆಲಕ್ಕೆ ಕೂತು ನನ್ನನ್ನು ನೋಡಿದವರಲ್ಲಿ ಅವಳೇ ಮೊದಲು. "ಜಿಪ್ ಕ್ಯಾಮೆರಾ ಕಡೆ ಬರಬಾರದು ಸಾರ್" ಎಂದು ರುದ್ರಮುನಿಯವರಿಗೆ ಹೇಳಿದಳು. ಅವರು, "ಆತು ತಂಗಿ" ಅಂದರು.

ಒಂದು ದಿನ ಚಿತ್ರೀಕರಣದ ಮಧ್ಯೆ ಅವಳು, "ಸಾರ್, ಕೋಟಿನ ಗುಂಡಿ!" ಎಂದು ಕೂಗಿಬಿಟ್ಟಳು. ಬಿಸಿಲು ಹೋಯಿತು, ದೃಶ್ಯ ಕೆಟ್ಟಿತು. ಶ್ರೀಕರ್ ಎಲ್ಲರ ಎದುರಿಗೇ ಹೇಳಿದರು, "ಇಲ್ಲಿ ಕಟ್ ಅನ್ನೋನು ನಾನೊಬ್ಬನೇ. ಇನ್ನೊಂದ್ಸಲ ಟೇಕ್ ನಡೀವಾಗ ಬಾಯಿ ಬಿಟ್ರೆ ಸಂಜೆ ಬಸ್ ಹತ್ತಬೇಕಾಗುತ್ತೆ. ಆಮೇಲೆ ಯಾವ ಸೆಟ್ಟಲ್ಲೂ ನಿಮ್ಮನ್ನ ಕರೆಯಲ್ಲ, ತಿಳ್ಕೊಳ್ಳಿ." ವಾರಿಜಾ ತಲೆಯಾಡಿಸಿದಳು. ಅವಳ ಚಪ್ಪಲಿಯೊಳಗಿನ ಬೆರಳುಗಳು ಮಡಚಿಕೊಂಡದ್ದು ನನಗೆ ಮಾತ್ರ ಕಂಡಿತು.

ಮರುದಿನ ಗೋಡೆ ಸಿಡಿಸುವ ದೃಶ್ಯ. ಷೆರೀಫನ ಕಚೇರಿಯೊಳಗೆ ಕಾಲಯಂತ್ರ ಕೆಟ್ಟು, ಕಿಟಕಿ ಸಮೇತ ಗೋಡೆ ಒಳಕ್ಕೆ ಉರುಳಬೇಕು. ಷೆರೀಫ್ ಅದರ ಮೇಲೆಯೇ ಓಡಿ ಹೊರಗೆ ಹಾರಬೇಕು. ಕಟ್ಟಿದ್ದು ಒಂದೇ ಗೋಡೆ, ಇಟ್ಟಿದ್ದು ಒಂದೇ ಸಲದ ಸಿಡಿಮದ್ದು. ಎರಡನೇ ಸಲ ಅನ್ನುವ ಮಾತೇ ಇಲ್ಲ. ಹಾಗಾಗಿ ಬೆಳಿಗ್ಗೆ ಭರ್ಜರಿ ಪೂಜೆ ಮಾಡಿದರು. ಕಚೇರಿಯ ಹೊಸ್ತಿಲಿಗೆ ಅರಿಶಿನ ಕುಂಕುಮ ಬಳಿದು, ಎರಡು ನಿಂಬೆಹಣ್ಣು ಇಟ್ಟರು. "ಅಮೆರಿಕದಲ್ಲಿ ಕುಂಕುಮ ಎಲ್ಲಿಂದ ಬರುತ್ತೆ, ಒರೆಸಿ" ಎಂದು ವಾರಿಜಾ ಕೇಳಿಕೊಂಡರೆ ಒಬ್ಬರೂ ಒಪ್ಪಲಿಲ್ಲ. ಪೂಜೆ ಮಾಡಿದ ಹೊಸ್ತಿಲು ಒರೆಸುವುದುಂಟೇ?

ತಪ್ಪು ಆದದ್ದು ಅಲ್ಲೇ. ರುದ್ರಮುನಿಯವರು ಸಂಭಾಷಣೆ ಗುನುಗುತ್ತಾ ಬಂದರು. ಕಣ್ಣಿಗೆ ಅರಿಶಿನದ ಹೊಸ್ತಿಲು ಬಿತ್ತು. ಅಷ್ಟೇ! ಕೈ ತಾನಾಗಿ ಜಿಪ್ ಎಳೆಯಿತು, ನಮ್ಮಿಬ್ಬರನ್ನೂ ಬಾಗಿಲ ಪಕ್ಕಕ್ಕೆ ಜೋಡಿಸಿ ಇಟ್ಟರು, ಹೊಸ್ತಿಲು ಮುಟ್ಟಿ ಕಣ್ಣಿಗೊತ್ತಿಕೊಂಡು ಬರಿಗಾಲಲ್ಲಿ ಒಳಗೆ ಹೋದರು. ಅಮೆರಿಕದ ಷೆರೀಫ್! ನನಗೆ ನಗು ಬಂತು. ಒಳಗಿದ್ದವರೆಲ್ಲ ಗೋಡೆಯನ್ನೇ ನೋಡುತ್ತಿದ್ದರು, ಕಾಲು ಯಾರು ನೋಡುತ್ತಾರೆ?

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಸೆಟ್ ಕಟ್ಟುವ ಇಬ್ಬರು ನಮ್ಮ ಹತ್ತಿರವೇ ಬಂದು ಕೂತು ಬೀಡಿ ಹಚ್ಚಿದರು. "ಕಿಟಕಿಗೆ ತಂದಿದ್ದ, ಚುಚ್ಚದೇ ಇರೋ ಶೂಟಿಂಗ್ ಗಾಜು ಲಾರೀಲೇ ಪುಡಿಯಾಗೋಯ್ತು ಕಣ್ಲಾ. ಮಾಮೂಲಿ ಗಾಜು ಕೂರಿಸಿವ್ನಿ" ಅಂದ ಒಬ್ಬ. "ಡೈರೆಕ್ಟರ್‌ಗೆ ಹೇಳಿದ್ಯಾ?" "ಹೇಳಿದ್ರೆ ಬೈತಾರೆ. ದಪ್ಪ ಬೂಟ್ ಹಾಕಿರ್ತಾರೆ ಬುಡು, ಏನಾಯ್ತದೆ?" ಹಾಗಂದು ಅವನು ಬೀಡಿಯ ಬೂದಿಯನ್ನು ನನ್ನ ಮೂತಿಯ ಮೇಲೆಯೇ ಕೊಡವಿದ. ಅಯ್ಯೋ ಮುಠ್ಠಾಳ, ಕೆಳಗೆ ನೋಡೋ!

ಒಳಗೆ ಶ್ರೀಕರ್ ಧ್ವನಿ ಕೇಳಿತು, "ಕ್ಯಾಮೆರಾ!" ಆ ಬೀಡಿಯವರು ಎದ್ದು ಹೋದರು. ರುದ್ರಮುನಿಯವರ ಗಂಟಲು ಗುಡುಗಿತು. ಅವರ ಮಾತು ನಾಲ್ಕು ಸಾಲು, ಆಮೇಲೆ ಶ್ರೀಕರ್ ಒಂದರಿಂದ ಐದು ಎಣಿಸಬೇಕು, ಆಮೇಲೆ ಗೋಡೆ. ನನಗೆ ಬಾಯಿಲ್ಲ, ತೆವಳಲು ಬರುವುದಿಲ್ಲ. ದೇವರಾಣೆ, ಬೂಟಾಗಿ ಹುಟ್ಟಿದ್ದಕ್ಕೆ ಅಷ್ಟು ಸಂಕಟ ನನಗೆ ಮತ್ತೆಂದೂ ಆಗಿಲ್ಲ.

ಮೂರನೇ ಸಾಲಿಗೆ ವಾರಿಜಾ ಹೊರಗಿನ ಕುದುರೆಯ ಜೀನು ನೋಡಿ ಬರೆದುಕೊಂಡು ಬಂದಳು. ಬಾಗಿಲ ಹತ್ತಿರ ಗಕ್ಕನೆ ನಿಂತಳು. ನನ್ನನ್ನು ನೋಡಿದಳು. ಒಳಗೆ ಇಣುಕಿದಳು. ಮತ್ತೆ ನನ್ನನ್ನು ನೋಡಿದಳು.

"ಒಂದು..." ಎಂದರು ಶ್ರೀಕರ್.

ಅವಳಿಗೆ ಗಾಜಿನ ವಿಷಯ ಗೊತ್ತಿಲ್ಲ. ಗೊತ್ತಿದ್ದದ್ದು ಇಷ್ಟೇ: ಹೊರಗಿನ ದೃಶ್ಯದಲ್ಲಿ ಬೂಟಿದೆ, ಒಳಗೆ ಬೂಟಿಲ್ಲ, ಗೋಡೆ ಬಿದ್ದ ಮೇಲೆ ತಿದ್ದಲಾಗುವುದಿಲ್ಲ. ಕ್ಯಾಮೆರಾದಲ್ಲಿ ಕಾಲು ಕಾಣುತ್ತದೋ ಇಲ್ಲವೋ ಅದೂ ತಿಳಿಯದು. "ಎರಡು... ಮೂರು..." ಅವಳು ಪುಸ್ತಕ ಮುಚ್ಚಿದಳು. ಕೂಗೇ ತಾಯಿ, ಕೂಗೇ!

"ನಾಲ್ಕು..."

"ಕಟ್!" ಎಂದು ಚೀರಿದಳು ವಾರಿಜಾ.

ಒಳಗೆ ಎಣಿಕೆ ನಿಂತಿತು. ಶ್ರೀಕರ್ ನಿಧಾನವಾಗಿ ತಿರುಗಿದರು. ಅವಳು ಷೆರೀಫರ ಕಾಲು ತೋರಿಸಿದಳು. ಶ್ರೀಕರ್ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡಿ, "ಫ್ರೇಮ್ ಸೊಂಟದ ಮೇಲಿದೆ. ಕಾಲೇ ಕಾಣಲ್ಲ" ಎಂದರು. ಕೂಗಾಡಲಿಲ್ಲ, ಅದೇ ಹೆದರಿಕೆ. "ಐದೂವರೆ ಬಸ್ಸಿಗೆ ಹೊರಡಿ."

ವಾರಿಜಾ ಪುಸ್ತಕವನ್ನು ಬ್ಯಾಗಿಗೆ ಹಾಕಿಕೊಂಡು ಹೊರಟಳು. ರುದ್ರಮುನಿಯವರು ತಲೆ ತಗ್ಗಿಸಿ ಹೊರಗೆ ಬಂದು ನನ್ನನ್ನು ಎತ್ತಿಕೊಂಡರು. "ಕಾಲು ಕಾಣಲ್ಲ ಅಂದೆನಲ್ಲ!" ಎಂದರು ಶ್ರೀಕರ್. "ತಂಗಿ ಹೇಳ್ಯಾಳ, ಹಾಕ್ಕೋತೀನಿ" ಎಂದು ಜಿಪ್ ಎಳೆದರು.

ಈ ಸಲ ಐದರ ಎಣಿಕೆ ಮುಗಿಯಿತು. ಢಮ್! ಗೋಡೆ ಉರುಳಿತು, ಕಿಟಕಿ ಪುಡಿಯಾಯಿತು, ರುದ್ರಮುನಿ ಓಡಿದರು. ಎರಡನೇ ಹೆಜ್ಜೆಗೆ ಬೆರಳುದ್ದದ ಗಾಜು ನನ್ನೊಳಕ್ಕೆ ನುಗ್ಗಿತು. ಮೊದಲ ಪದರ ಸೀಳಿತು. ಎರಡನೆಯದನ್ನು ನಾನು ಬಿಟ್ಟುಕೊಡಲಿಲ್ಲ. ಉರಿ ಅಂದರೆ ಉರಿ, ಆದರೂ ಅವರ ಅಂಗಾಲಿಗೆ ತಾಗಗೊಡಲಿಲ್ಲ.

ಹೊರಗೆ ಬಂದು ಅವರು ಕಲ್ಲಿನ ಮೇಲೆ ಕೂತು ಆ ಗಾಜನ್ನು ಕಿತ್ತು ಶ್ರೀಕರ್ ಅಂಗೈಗೆ ಇಟ್ಟರು. ಶ್ರೀಕರ್ ಅದನ್ನೇ ನೋಡುತ್ತಾ ನಿಂತುಬಿಟ್ಟರು. ರುದ್ರಮುನಿಯವರು ಕಾಯಲಿಲ್ಲ. ಟೋಪಿ, ಎದೆಯ ಮೇಲೆ ನಕ್ಷತ್ರ, ಸೊಂಟದಲ್ಲಿ ಮರದ ಪಿಸ್ತೂಲು, ಅದೇ ವೇಷದಲ್ಲಿ ರಸ್ತೆಗೆ ಓಡಿದರು. ಚಿತ್ರದುರ್ಗದ ಬಸ್ಸು ಆಗಲೇ ಹೊರಟಿತ್ತು. ನಡುರಸ್ತೆಯಲ್ಲಿ ಕೈ ಅಡ್ಡ ಹಿಡಿದು ನಿಂತರು. ಡ್ರೈವರ್ ಹೌಹಾರಿ ಬ್ರೇಕ್ ಹಾಕಿದ.

"ಇಳಿ ತಂಗಿ."

"ಡೈರೆಕ್ಟರ್ ಹೇಳಿದ್ರಾ ಸಾರ್?"

"ಅವರು ಹೇಳಿಲ್ಲ, ನಾ ಹೇಳಾಕತ್ತೀನಿ. ನೀ ಇಲ್ಲಂದ್ರ ನಾಳೆ ನಾ ಆ ಸೆಟ್ಟಿನಾಗ ಕಾಲಿಡಾಂಗಿಲ್ಲ." ಅವರು ಟೋಪಿ ತೆಗೆದರು. "ನನ್ನ ಕಾಲು ಉಳಿಸೀಯವ್ವಾ."

ಅವಳಿಗೆ ಅರ್ಥವಾಗಲಿಲ್ಲ. ಅವರು ಗಾಜಿನ ಕಥೆ ಹೇಳಿದ ಮೇಲೆ ಬ್ಯಾಗು ಎತ್ತಿಕೊಂಡಳು. ಇಳಿದಳು. ಬಸ್ಸು ಹೋಯಿತು. ಅತ್ತಾಳೇನೋ ಅಂದುಕೊಂಡೆ. ಇಲ್ಲ, ರಸ್ತೆ ಬದಿಯಲ್ಲೇ ಮಂಡಿಯೂರಿ, "ಬಲಗಾಲು ಎತ್ತಿ ಸಾರ್" ಎಂದಳು. ಸೀಳನ್ನು ಬೆರಳಲ್ಲಿ ಅಳೆದು ಪುಸ್ತಕ ತೆರೆದಳು. ಬರೆಯುತ್ತಾ ಗಟ್ಟಿಯಾಗಿ ಓದಿದಳು: "ಬಲ ಬೂಟು. ಅಟ್ಟೆಯಲ್ಲಿ ಸೀಳು. ಮುಂದಿನ ದೃಶ್ಯಗಳಲ್ಲೂ ಇರಬೇಕು. ಹೊಲಿಸಬಾರದು."

ಮರುದಿನ ಶ್ರೀಕರ್ ಅವಳು ಬಂದದ್ದನ್ನು ನೋಡಿದರು. ಒಂದು ಕುರ್ಚಿ ತರಿಸಿ ಕ್ಯಾಮೆರಾದ ಪಕ್ಕದಲ್ಲೇ ಹಾಕಿಸಿದರು.

ಧಾರಾವಾಹಿ ಮುಗಿದು ವರ್ಷಗಳಾದವು. ಈಗ ನಾನು ವೇಷಭೂಷಣ ಬಾಡಿಗೆಗೆ ಕೊಡುವ ಅಂಗಡಿಯ ಅಟ್ಟದಲ್ಲಿ ಗೋಣಿಚೀಲದ ಮೇಲೆ ಬಿದ್ದಿದ್ದೇನೆ. ಆ ಕಂತು ನೋಡಿದವರು ಗೋಡೆ ಬಿದ್ದದ್ದನ್ನು ನೋಡಿದರು. ಆಗದೇ ಹೋದದ್ದು ಯಾರಿಗೂ ಕಾಣಲಿಲ್ಲ, ಕಾಣುವುದೂ ಇಲ್ಲ. ವಾರಿಜಾಳ ಕೆಲಸವೇ ಅಂಥದ್ದು. ಮೊನ್ನೆ ಅಂಗಡಿಯವನು ನನ್ನನ್ನು ಮಗುಚಿ ನೋಡಿ, "ಒಂದು ಹೊಲಿಗೆ ಹಾಕಿಸಿದ್ರೆ ಇನ್ನೂ ಓಡುತ್ತೆ" ಅಂದ. ಅಂದುಕೊಳ್ಳಲಿ. ಹೊಲಿಸಬಾರದು ಎಂದು ಬರೆದವಳು, ಈಗ ಹೊಲಿಸಬಹುದು ಎಂದು ಇನ್ನೂ ಬರೆದಿಲ್ಲ.