ಎರಡು ಬೀಗ, ಒಂದು ಬಕೆಟ್ಟು

ನಾನು ಒಂದು ಕಬ್ಬಿಣದ ಪೆಟ್ಟಿಗೆ. ಹುಟ್ಟಿದ್ದು ಗದಗಿನ ಒಂದು ವೆಲ್ಡಿಂಗ್ ಅಂಗಡಿಯಲ್ಲಿ. ನೆತ್ತಿಯ ಮೇಲೆ ನೋಟು ಹಾಕಲು ಒಂದು ಸೀಳು, ಎದುರಿಗೆ ಬೀಗ ಹಾಕಲು ಎರಡು ಕೊಂಡಿ. ಒಂದೇ ಪೆಟ್ಟಿಗೆಗೆ ಎರಡು ಬೀಗ ಯಾಕೆಂದು ನನ್ನನ್ನು ಬೆಸೆಯುತ್ತಿದ್ದ ಮೌಲಾಸಾಬನಿಗೂ ಅನುಮಾನ ಬಂತು.

"ಇಬ್ಬರು ಮಾಲಕರೇನ್ರಿ ಇದಕ್ಕ? ಪಾಲುದಾರರೋ, ದುಷ್ಮನ್‌ಗಳೋ?"

ನನ್ನನ್ನು ಮಾಡಿಸಲು ಬಂದಿದ್ದ ದೇಸಾಯಿ ಮಾಸ್ತರರು ನಕ್ಕರು. "ಎರಡೂ ಹೌದಪಾ. ಕಬಡ್ಡಿ ಲೀಗ್ ಮಾಡೇವಿ."

ಹೀಗೆ ನನ್ನ ಹುಟ್ಟೇ ಅನುಮಾನದಿಂದ ಆಯಿತು. ಆದ್ದರಿಂದ ನಾನು ಯಾರನ್ನೂ ಸುಲಭಕ್ಕೆ ನಂಬುವುದಿಲ್ಲ. ನಗುನಗುತ್ತಾ ಹತ್ತಿರ ಬರುವವರನ್ನಂತೂ ನಂಬುವುದೇ ಇಲ್ಲ.

ಲೀಗಿನಲ್ಲಿ ಆರು ಊರಿನ ಆರು ತಂಡಗಳು. ಪ್ರತಿ ತಂಡಕ್ಕೂ ಒಬ್ಬ ಮಾಲೀಕ, ಆಟಗಾರರಿಗೆ ಸಂಬಳ. ಕಾರ್ಯದರ್ಶಿ ನಮ್ಮ ಮಾಸ್ತರರು. ಆಟ ಎಲ್ಲಿದ್ದರೂ ನನ್ನನ್ನು ಅಲ್ಲಿಗೆ ಹೊತ್ತುಕೊಂಡು ಹೋಗಿ ಗೇಟಿನ ಬಳಿ ಇಡುತ್ತಿದ್ದರು. ಒಂದು ಬೀಗ ಆ ಊರಿನ ತಂಡದ್ದು, ಇನ್ನೊಂದು ಎದುರಾಳಿಯದು. ಟಿಕೆಟ್ಟಿನ ದುಡ್ಡೆಲ್ಲ ನನ್ನ ಹೊಟ್ಟೆಗೆ. ಆಟ ಮುಗಿದ ಮೇಲೆ ಕಬಡ್ಡಿ ಮ್ಯಾಟಿನ ಮೇಲೆಯೇ, ಎರಡೂ ತಂಡದವರ ಕಣ್ಣೆದುರು, ಎರಡೂ ಬೀಗ ತೆಗೆದು ಎಣಿಸಬೇಕು. ಅರ್ಧ ದುಡ್ಡು ಆಟ ನಡೆಸಿದ ಊರಿಗೆ. ಉಳಿದರ್ಧ ಎಲ್ಲರ ನಿಧಿಗೆ. ಸೀಸನ್ ಮುಗಿದಾಗ ಆ ನಿಧಿಯನ್ನು ಆರೂ ತಂಡಗಳು ಸಮನಾಗಿ ಹಂಚಿಕೊಳ್ಳಬೇಕು. ಗೆದ್ದವರಿಗೂ ಅಷ್ಟೇ, ಸೋತವರಿಗೂ ಅಷ್ಟೇ.

ಹುಬ್ಬಳ್ಳಿ ತಂಡದ ಮಾಲೀಕ ವಿರೂಪಾಕ್ಷಪ್ಪ ಜವಳಿ, ಬಟ್ಟೆ ವ್ಯಾಪಾರಿ. ಅವರ ಒಳಾಂಗಣ ಕ್ರೀಡಾಂಗಣದಲ್ಲಿ ಆಟವಿದ್ದ ದಿನ ನೋಟು ತುರುಕಿ ತುರುಕಿ ನನಗೆ ಉಸಿರು ಕಟ್ಟುತ್ತಿತ್ತು. ನರಗುಂದದ ತಂಡವನ್ನು ನಡೆಸುತ್ತಿದ್ದವನು ಸಂಗನಬಸಪ್ಪ ಕೊಣ್ಣೂರ, ಹಳೆಯ ಆಟಗಾರ. ಅವನ ಊರಿನ ಮೈದಾನದಲ್ಲಿ ಅರ್ಧ ಜನ ಕಾಂಪೌಂಡಿನ ಮೇಲೆ ಕುಳಿತು ಪುಕ್ಕಟೆ ನೋಡುತ್ತಿದ್ದರು. ನಿಧಿಯ ಪಾಲು ಬಂದರೆ ಅವನ ಹುಡುಗರಿಗೆ ಸಂಬಳ; ಬರದಿದ್ದರೆ ತಂಡವೇ ಮುಚ್ಚಬೇಕು. ಇದನ್ನು ಅವನು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದ. ಹಾಗಾಗಿಯೇ ನನಗೆ ಮೊದಲು ಅವನ ಮೇಲೆ ಗುಮಾನಿ. ಬಡತನದ ನಾಟಕವಿರಬಹುದಲ್ಲ? ಸಾಲದ್ದಕ್ಕೆ, ಬೀಗ ಹಾಕಿದ ಮೇಲೆ ನನ್ನ ಕೊಂಡಿಯನ್ನು ಎರಡು ಸಲ ಜಗ್ಗಿ ನೋಡುತ್ತಿದ್ದ. ನನ್ನ ಮೇಲೇ ಅನುಮಾನವೇ ಇವನಿಗೆ ಎಂದು ಮೈ ಉರಿಯುತ್ತಿತ್ತು.

ಜವಳಿಯವರ ತಕರಾರು ವರ್ಷವರ್ಷವೂ ಇದ್ದದ್ದೇ. "ಮಂದಿ ಕೂಡಸಾಂವ ನಾನು, ಕುಂತು ಉಣ್ಣಾವ್ರು ನರಗುಂದದವ್ರು. ಇದ್ಯಾವ ನ್ಯಾಯ ರೀ ಮಾಸ್ತರ?"

"ನಿಮ್ಮ ಹುಡುಗರು ಗ್ವಾಡಿ ಜೋಡಿ ಆಡತಾರೇನ್ರಿ? ಎದುರಿಗೊಂದು ತಂಡ ಬೇಕಲ್ಲ?" ಎನ್ನುತ್ತಿದ್ದರು ಮಾಸ್ತರರು. ಮೂರನೆಯ ವರ್ಷ ಜವಳಿಯವರು ಈ ಮಾತು ಕೇಳಿ ನಕ್ಕು ಸುಮ್ಮನಾದರು. ಅವರ ಕೂಗಾಟಕ್ಕಿಂತ ಆ ನಗುವೇ ನನಗೆ ಸರಿಬರಲಿಲ್ಲ.

ಆ ವರ್ಷ ಹುಬ್ಬಳ್ಳಿಯಲ್ಲಿ ನರಗುಂದದೊಡನೆ ಆಟ. ಒಳಾಂಗಣ ಕಿಕ್ಕಿರಿದಿತ್ತು, ಕೂಗಿಗೆ ಚಾವಣಿಯ ತಗಡು ಅದುರುತ್ತಿತ್ತು. ನನ್ನ ಹೊಟ್ಟೆ ಮಾತ್ರ ತುಂಬಲೇ ಇಲ್ಲ. ಯಾರೋ ಕೈಯಾಡಿಸಿದ್ದಾರೆ ಎಂದುಕೊಂಡೆ. ಸಂಗನಬಸಪ್ಪನ ಹೆಗಲ ಮೇಲಿನ ಟವೆಲ್ಲನ್ನೇ ದಿಟ್ಟಿಸಿದೆ. ಅದರಲ್ಲಿ ಬೆವರು ಬಿಟ್ಟರೆ ಏನೂ ಇರಲಿಲ್ಲ. ಆಮೇಲೆ ಪಕ್ಕಕ್ಕೆ ನೋಡಿದೆ. ಅಲ್ಲೊಂದು ನೀಲಿ ಪ್ಲಾಸ್ಟಿಕ್ ಬಕೆಟ್ಟು. ಬೀಗವಿಲ್ಲ, ಮುಚ್ಚಳವೂ ಇಲ್ಲ.

ಮುದುಕರೊಬ್ಬರು ನೂರರ ನೋಟು ಚಾಚಿದರು. ಗೇಟಿನವನು ಅದನ್ನು ಬಕೆಟ್ಟಿಗೆ ಎಸೆದು, ಅದರಿಂದಲೇ ಹತ್ತು ರೂಪಾಯಿ ತೆಗೆದು ನನ್ನ ಸೀಳಿಗೆ ಹಾಕಿದ. "ಹತ್ತು ಟಿಕೆಟ್ಟಿಂದು, ತೊಂಬತ್ತು ಗಿರ್ಮಿಟ್ ಕೂಪನ್ನಿಂದು."

"ಗಿರ್ಮಿಟ್ ಬ್ಯಾಡಪಾ, ಮನ್ಯಾಗ ಉಂಡು ಬಂದೇನಿ. ಆಟ ಅಷ್ಟ ನೋಡ್ತೀನಿ."

"ಗಿರ್ಮಿಟ್ ತಗೊಳ್ಳದ ಒಳಗ ಬಿಡಂಗಿಲ್ರಿ."

ಹಿಂದಿನ ವರ್ಷ ಇದೇ ಟಿಕೆಟ್ಟಿಗೆ ನೂರು ರೂಪಾಯಿ ಇತ್ತು. ನೂರೂ ನನಗೇ ಬೀಳುತ್ತಿತ್ತು. ಹಂಚಬೇಕಾದದ್ದು ಟಿಕೆಟ್ಟಿನ ದುಡ್ಡು, ತಿಂಡಿಯ ದುಡ್ಡಲ್ಲ. ಬಕೆಟ್ಟು ನೇರವಾಗಿ ಜವಳಿಯವರ ಕಾರಿಗೆ ಹೋಯಿತು. ಗೇಟಿನ ಬಳಿ ನಿಂತಿದ್ದ ಸಂಗನಬಸಪ್ಪನೂ ಎಲ್ಲವನ್ನೂ ನೋಡಿದ.

ಆಟದಲ್ಲಿ ಗೆದ್ದದ್ದು ನರಗುಂದ. ಮ್ಯಾಟಿನ ಮೇಲೆ ನನ್ನನ್ನು ತೆರೆದಾಗ ಸಂಗನಬಸಪ್ಪ ಬಕೆಟ್ಟಿನ ಮಾತು ಎತ್ತಿದ.

"ನಿಯಮದಾಗ ಟಿಕೆಟ್ ರೊಕ್ಕ ಹಂಚಬೇಕಂತ ಐತಿ. ಗಿರ್ಮಿಟ್ ಹಂಚಬೇಕಂತ ಎಲ್ಲೈತ್ರಿ?" ಎಂದರು ಜವಳಿಯವರು. ಅವರ ಕಡೆಯವರು ಗೊಳ್ಳೆಂದು ನಕ್ಕರು. ನಿಯಮ ಬರೆದ ಮಾಸ್ತರರು ತಲೆ ತಗ್ಗಿಸಿದರು. ನನಗೆ ಬಂದ ಸಿಟ್ಟಿಗೆ ಮುಚ್ಚಳ ಬಡಿದು ಜವಳಿಯವರ ಬೆರಳು ಜಜ್ಜಬೇಕೆನಿಸಿತು.

ಸಂಗನಬಸಪ್ಪ ಜಗಳ ಆಡಲಿಲ್ಲ. ತನ್ನ ಆಟಗಾರರ ಕಡೆ ತಿರುಗಿದ. "ಛಲೋ ಆಡಿದ್ರಿ. ಆದ್ರ ಪಗಾರ ಎಲ್ಲಿಂದ ತರಲಿ?" ಎಂದ. ಬೀಗವನ್ನು ಜೇಬಿಗೆ ಹಾಕಿಕೊಂಡ. "ಇದರಾಗ ಕಾಯೂವಂಥಾದ್ದು ಏನೂ ಉಳಿದಿಲ್ರಿ ಮಾಸ್ತರ." ಅವನನ್ನು ಅಷ್ಟು ವರ್ಷ ಶಂಕಿಸಿದ್ದಕ್ಕೆ ನನಗೆ ನಾಚಿಕೆಯಾಯಿತು. ಆ ಸೀಸನ್ ಮುಗಿಯುತ್ತಲೇ ನರಗುಂದದ ತಂಡ ಮುಚ್ಚಿತು.

ಜವಳಿಯವರ ಉಪಾಯ ಕಂಡು ಉಳಿದ ಮಾಲೀಕರಿಗೂ ಪ್ರೇಕ್ಷಕರ ಹಸಿವಿನ ಮೇಲೆ ಇದ್ದಕ್ಕಿದ್ದಂತೆ ಕನಿಕರ ಉಕ್ಕಿತು. ಒಂದು ಊರಲ್ಲಿ ಮಿರ್ಚಿ ಭಜಿ, ಇನ್ನೊಂದರಲ್ಲಿ ಶರಬತ್ತು. ಟಿಕೆಟ್ಟು ಎಲ್ಲ ಕಡೆ ಹತ್ತೇ ರೂಪಾಯಿ. ನಿಧಿ ಬತ್ತಿತು, ಸಣ್ಣ ತಂಡಗಳು ಒಂದೊಂದಾಗಿ ಹೋದವು. ಕೊನೆಗೆ ಜವಳಿಯವರಿಗೆ ಒಳಾಂಗಣವಿತ್ತು, ಕೊಪ್ಪರಿಗೆ ತುಂಬ ಗಿರ್ಮಿಟ್ ಇತ್ತು, ಎದುರಾಳಿ ಇರಲಿಲ್ಲ. ತಮ್ಮ ತಂಡವನ್ನೇ ಎರಡು ಭಾಗ ಮಾಡಿ ಆಡಿಸಿ ನೋಡಿದರು. ಯಾರ ಪರ ಕೂಗಬೇಕೆಂದು ತಿಳಿಯದೆ ಜನ ಎದ್ದು ಹೋದರು.

ನನ್ನನ್ನು ಗುಜರಿಗೆ ಹಾಕಿದರು. ಅಲ್ಲಿಂದ ತೂಕದ ಲೆಕ್ಕದಲ್ಲಿ ಕೊಂಡವನು ಒಳಾಂಗಣದ ಹೊರಗಿನ ಗಿರ್ಮಿಟ್ ಗಾಡಿಯವನು. ಈಗ ನನ್ನ ಹೊಟ್ಟೆಯಲ್ಲಿ ಗಿರ್ಮಿಟ್ಟಿಗೆ ಕಲಸುವ ಚುರುಮರಿ. ಬೀಗವಿಲ್ಲ. ನಿಜ ಹೇಳಬೇಕೆಂದರೆ, ಆ ಎರಡು ಬೀಗಗಳ ಭಾರ ನನಗೆ ಬಹಳ ನೆನಪಾಗುತ್ತದೆ. ಒಬ್ಬರನ್ನೊಬ್ಬರು ನಂಬದಿದ್ದರೂ ಆಗ ಇಬ್ಬರೂ ಬರುತ್ತಿದ್ದರು.

ಮೊನ್ನೆ ಸಂಜೆ ಇಬ್ಬರೂ ಬಂದರು. ಜವಳಿಯವರ ಕೂದಲು ಉದುರಿತ್ತು, ಸಂಗನಬಸಪ್ಪನ ಮೀಸೆ ಬೆಳ್ಳಗಾಗಿತ್ತು. ಕೂರಲು ಬೇರೇನೂ ಇಲ್ಲದೆ ಅವನು ನನ್ನ ಮೇಲೆಯೇ ಕುಳಿತ.

"ಮತ್ತ ಲೀಗ್ ಶುರು ಮಾಡೋಣು. ನರಗುಂದ ಇಲ್ಲದ ಮಜಾ ಇಲ್ರಿ," ಎಂದರು ಜವಳಿಯವರು, ಅದೇ ಹಳೆಯ ನಗು ನಗುತ್ತಾ.

"ನನ್ನ ಬೀಗ ಇನ್ನೂ ಐತ್ರಿ. ಪೆಟಗಿ ಎಲ್ಲೈತಿ?"

"ಹೊಸಾದು ಮಾಡಸೋಣ ತಗೋರಿ."

"ಹಂಗಾರ ದೊಡ್ಡದು ಮಾಡಸ್ರಿ. ಬಕೆಟ್ ಒಳಗ ಹಿಡಿಸಬೇಕು."

ಜವಳಿಯವರ ಕೈ ಗಿರ್ಮಿಟ್ ಹಿಡಿದುಕೊಂಡೇ ಬಾಯಿಯ ಬಳಿ ನಿಂತಿತು.

ಅಷ್ಟರಲ್ಲಿ ಗಾಡಿಯವನಿಗೆ ಚುರುಮರಿ ಬೇಕಾಯಿತು. ಸಂಗನಬಸಪ್ಪ ಎದ್ದು ಮುಚ್ಚಳ ಎತ್ತಲು ಬಗ್ಗಿದ. ಅವನ ಬೆರಳಿಗೆ ನನ್ನ ಕೊಂಡಿ ಸಿಕ್ಕಿತು. ಪಕ್ಕದಲ್ಲೇ ಇನ್ನೊಂದು. ಅವನಿಗೆ ನನ್ನ ಗುರುತು ಹತ್ತಿತು. ಆಮೇಲೆ ತನ್ನ ಕಡೆಯ ಕೊಂಡಿಯನ್ನು ಹಿಡಿದು ಎರಡು ಸಲ ಜಗ್ಗಿದ.

ಮೌಲಾಸಾಬನ ಬೆಸುಗೆ ಅಲುಗಲಿಲ್ಲ. ಸಂಗನಬಸಪ್ಪ ತಲೆಯೆತ್ತಿ ಜವಳಿಯವರ ಮುಖ ನೋಡಿದ. ಈ ಸಲ ಅವನ ಅನುಮಾನ ನನ್ನ ಮೇಲಲ್ಲ ಎಂದು ನನಗೆ ಗೊತ್ತಾಯಿತು.