ತೊಡೆಯ ಮೇಲಿನ ಒದ್ದೆ ಗುರುತು

ಇಲ್ಲ, ಕೆಳಗೆ ಜಾರಿಲ್ಲ, ಅದು ನೆರಳು, ಟ್ಯಾಟಮ್‌ಳ ಬಲತೊಡೆಯ ಮೇಲಿನ ಗುರುತು ಇರಬೇಕಾದ ಜಾಗದಲ್ಲೇ ಇದೆ, ಸೊಂಟದಿಂದ ತುಸು ಕೆಳಗೆ, ತೋಳು ಪೂರಾ ಒಂದು ಸುತ್ತು ಸುತ್ತಿ ಚೆಂಡು ಬಿಡುವಾಗ ಮುಂಗೈ ಪ್ರತಿ ಸಲವೂ ಅಲ್ಲೇ ಉಜ್ಜಿಕೊಂಡು ಹೋಗುತ್ತದೆ, ಬಿಳಿ ಪ್ಯಾಂಟು ಅಲ್ಲಿ ಮಾತ್ರ ಬೆವರಿಗೆ ಒದ್ದೆ, ಒದ್ದೆಗೆ ಅಂಟಿದ ಕೆಂಪು ಧೂಳು — ಕಾಲೇಜು ಸಾಫ್ಟ್‌ಬಾಲ್, ಆರನೆಯ ಇನ್ನಿಂಗ್ಸ್, ಏಳಕ್ಕೆ ಮುಗಿಯುತ್ತದೆ, ನಮ್ಮದು ಒಂದು ರನ್, ಅವರದು ಸೊನ್ನೆ, ಗೆದ್ದರೆ ಫೈನಲ್, ಬೆಳಿಗ್ಗೆಯ ಪಂದ್ಯವನ್ನೂ ಇವಳೇ ಎಸೆದಿದ್ದಾಳೆ, ಹಿಂದೆ ಬಲೆಯಾಚೆ ಪ್ರೇಕ್ಷಕರ ನಡುವೆ ಹಾರ್ಲನ್ ಸೂರ್ಯಕಾಂತಿ ಬೀಜದ ಸಿಪ್ಪೆ ಉಗಿಯುತ್ತಿದ್ದಾನೆ, ಏ ಗ್ವೆನ್, ನಿನ್ ಹುಡುಗಿ ಚೆನ್ನಾಗೇ ಎಸೀತಾಳೆ, ಆದ್ರೆ ವೆಲ್ಡಾ ಅಲ್ಲ ಬಿಡು, ಪ್ರತಿ ಸೀಸನ್ನಿಗೂ ಇದೇ ಮಾತು, ಅವನ ಪಕ್ಕದಲ್ಲೇ ಕೂತ ವೆಲ್ಡಾ ಸುಮ್ಮನಿರುವವಳಲ್ಲ, ಬಾಯ್ಮುಚ್ಚೋ ಹಾರ್ಲನ್, ನಾನು ಎಸೀತಿದ್ದಾಗ ನೀನು ಇಲ್ಲೇ ಗೊರಕೆ ಹೊಡೀತಿದ್ದೆ, ಸುತ್ತಲಿನವರು ನಗುತ್ತಾರೆ, ನಾನು ತಿರುಗಿ ನೋಡುವುದಿಲ್ಲ, ನೋಡದೆಯೂ ಗೊತ್ತು, ತಂಪು ಚಹಾದ ಲೋಟ ಅವಳ ಎಡಗೈಯಲ್ಲಿದೆ, ಮೇಲೆತ್ತಲಾಗದ ಬಲಗೈ ಮಡಿಲಲ್ಲಿ, ಕೋಟು ತೊಡಿಸಲು ಮಗಳು ಬರಬೇಕು — ಯಾರು ದೊಡ್ಡವಳು ಎಂದರೆ ಏನು ಹೇಳಲಿ, ವೆಲ್ಡಾ ನಲವತ್ತು ಅಡಿಯಿಂದ ಎಸೆದಳು, ಇವಳು ಎಸೆಯುವುದು ನಲವತ್ತಮೂರು ಅಡಿಯಿಂದ, ಆಗ ಚೆಂಡು ಬಿಳಿ, ಸಂಜೆ ಕಣ್ಣಿಗೇ ಬೀಳುತ್ತಿರಲಿಲ್ಲ, ಈಗ ನಿಂಬೆಹಳದಿ, ಈಗಿನ ಬ್ಯಾಟಿನ ಅಂಚಿಗೆ ತಗುಲಿದರೂ ಚೆಂಡು ಬೇಲಿಯಾಚೆ, ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಜಗಳವಾಡುವವರಿಗೆ ಇದೆಲ್ಲ ಬೇಡ, ಇಬ್ಬರ ಚೆಂಡನ್ನೂ ಹಿಡಿದದ್ದು ನನ್ನ ಅಂಗೈ ಒಂದೇ, ಆಗ ಅವಳ ಕ್ಯಾಚರ್ ಆಗಿ, ಈಗ ಇವಳ ಕೋಚ್ ಆಗಿ ಅಭ್ಯಾಸದಲ್ಲಿ ಬೋರಲು ಬಕೆಟ್ಟಿನ ಮೇಲೆ ಕೂತು, ವೆಲ್ಡಾಳದು ಬಾಗಿಲು ಬಡಿದಂತೆ, ಟ್ಯಾಟಮ್‌ಳದು ಒದ್ದೆ ಬಟ್ಟೆ ಕಲ್ಲಿಗೆ ಒಗೆದಂತೆ, ಯಾವುದು ಹೆಚ್ಚು ನೋಯಿಸಿತು ಎಂದು ಕೇಳಿದರೆ ಹೇಳಬಲ್ಲೆ, ಅದನ್ನು ಯಾರೂ ಕೇಳುವುದಿಲ್ಲ — ನಾವು ಆಡುತ್ತಿದ್ದ ಆ ವರ್ಷ ಎರಡು ದಿನಕ್ಕೆ ನಾಲ್ಕು ಪಂದ್ಯ, ನಾಲ್ಕನ್ನೂ ಎಸೆದದ್ದು ವೆಲ್ಡಾಳೇ, ಆಗ ತಂಡಕ್ಕೆ ಚೆಂಡು ಎಸೆಯುವ ಪಿಚರ್ ಒಬ್ಬಳೇ, ಆಟದ ನಡುವೆ ತೆಗೆಯುವುದೆಂಬ ಮಾತೇ ಇರಲಿಲ್ಲ, ಕೊನೆಯ ಪಂದ್ಯದಲ್ಲಿ ಗುರುತು ಕೆಳಗೆ ಜಾರಿತ್ತು, ತೋಳು ಸುಸ್ತಾದರೆ ತಡವಾಗಿ ಬರುತ್ತದೆ, ಮೊದಲು ಸುಳಿವು ಕೊಡುವುದು ಪ್ಯಾಂಟು, ಎದ್ದು ಹೋಗಿ ತೋಳು ನೋಯ್ತಿದೆಯಾ ಎಂದು ಕೇಳಿದೆ, ಅವಳು ಗ್ಲೌಸ್ ಹಾಕಿದ ಎಡಗೈಯನ್ನು ಅಡ್ಡ ತಂದು ಗುರುತು ಮುಚ್ಚುವಂತೆ ಬಲತೊಡೆಯ ಮೇಲಿಟ್ಟಳು, ಹೋಗೇ ಗ್ವೆನ್, ಹೋಗಿ ಕೂತ್ಕೋ, ಕೂತೆ, ಗೆದ್ದೆವು, ಕಾಲೇಜಿನ ಗೋಡೆಯ ಮೇಲಿನ ಫೋಟೋದಲ್ಲಿ ಎಲ್ಲರೂ ಅವಳನ್ನು ಎತ್ತಿ ಹಿಡಿದಿದ್ದಾರೆ, ಅಲ್ಲೂ ಗ್ಲೌಸ್ ತೊಡೆಯ ಮೇಲೇ ಇದೆ, ಆಮೇಲೆ ಅವಳು ಎಂದೂ ಎಸೆಯಲಿಲ್ಲ —

ಟ್ಯಾಟಮ್‌ಳ ಚೆಂಡು ಹೋಯಿತು, ಗುರಿ ತಪ್ಪಿ ಪಕ್ಕಕ್ಕೆ, ಇನ್ನೊಂದು, ಅದೂ ಪಕ್ಕಕ್ಕೆ, ಈ ಸಲ ನೆರಳಲ್ಲ, ಹಳೆಯ ಗುರುತಿನ ಕೆಳಗೆ ಹೊಸದೊಂದು, ಇನ್ನೂ ಧೂಳು ಹಿಡಿಯದ ಬರೀ ಒದ್ದೆ, ಮುಖ್ಯ ಕೋಚ್ ರೋಂಡ ನನ್ನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಾಳೆ, ಏನ್ ಮಾಡೋಣ ಗ್ವೆನ್, ಬಿಡೋಣ್ವಾ ತೆಗಿಯೋಣ್ವಾ, ನೀನೇ ಹೋಗಿ ನೋಡ್ಕೊಂಡ್ ಬಾ, ನೀನು ಹೇಳಿದ ಹಾಗೇ ಮಾಡೋಣ, ಹೋಗುತ್ತೇನೆ, ಕಾಲಡಿಯಲ್ಲಿ ಮಣ್ಣು ಗಟ್ಟಿಯಾಗಿದೆ, ತೆಗೆದು ಸೋತರೆ ಹಾರ್ಲನ್ ಸಾಯುವವರೆಗೂ ಹೇಳುತ್ತಾನೆ, ಟ್ಯಾಟಮ್ ಕೂಡ ಹೇಳಬಹುದು, ಸುಣ್ಣದ ವೃತ್ತ ದಾಟಿದೆ, ಅವಳು ಚೂಯಿಂಗ್ ಗಮ್ ಅಗಿಯುತ್ತಿದ್ದಾಳೆ, ಏನ್ ಕೋಚ್, ವಾಕಿಂಗಾ, ತೋಳು ಹೇಗಿದೆ ಎಂದೆ, ಮಸ್ತಾಗಿದೆ, ಇನ್ನು ನಾಲ್ಕೇ ಔಟು, ವೆಲ್ಡಾ ಅವ್ರು ಪೂರ್ತಿ ಎಸೀತಿದ್ರಂತಲ್ಲ, ಹೂಂ, ಎಸೀತಿದ್ಳು, ಹಾಗಾದ್ರೆ ನಾನ್ಯಾಕೆ ಬೇಡ, ಎನ್ನುತ್ತಲೇ ಗ್ಲೌಸಿನ ಎಡಗೈ ಬಲತೊಡೆಗೆ ಅಡ್ಡ ಬಂತು, ಯಾರು ಹೇಳಿಕೊಟ್ಟರು ಇವಳಿಗೆ, ಯಾರೂ ಇಲ್ಲ, ನನ್ನ ಅಂಗೈ ಚಾಚಿದ್ದೇನೆ, ಕೊಡಮ್ಮ ಚೆಂಡು, ರೋಂಡ ಬದಲಾವಣೆ ತಿಳಿಸಲು ಅಂಪೈರ್ ಕಡೆ ನಡೆಯುತ್ತಿದ್ದಾಳೆ, ಬಲೆಯಾಚೆ ಹಾರ್ಲನ್ ಬೈಯುತ್ತಿದ್ದಾನೆ, ಚೆಂಡು ಬಂತು, ಬೆಚ್ಚಗಿದೆ, ಒದ್ದೆ, ಟ್ಯಾಟಮ್ ಹೊರಟಳು, ತಲೆ ಎತ್ತಿಕೊಂಡೇ ನಡೆಯುತ್ತಿದ್ದಾಳೆ, ಗ್ಲೌಸ್ ತೊಡೆಯ ಮೇಲೆ, ಗೆರೆ ದಾಟಿದಳು, ಗ್ಲೌಸ್ ತೊಡೆಯ ಮೇಲೆ —